ಪತ್ರಿಕೆಯ ಮಳೆ, ಹೊಲದ ಮಳೆ



ಇಂದು ಕನ್ನಡ ನಾಡಿನಲ್ಲಿ ಅತಿ ಹೆಚ್ಚು ಜನ ಓದುವ ಗದ್ಯ ಯಾವುದೆಂದು ಕೇಳಿದರೆ ಉತ್ತರ ಸುಲಭ. ಬೆಳಗಿನ ಜಾವ ಬಾಗಿಲಿಗೆ ಬಂದು ಬೀಳುವ ವೃತ್ತಪತ್ರಿಕೆಯೇ ಅದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಂದಿನಿಂದ ಈ ಗದ್ಯ ಬೆಳೆಯುತ್ತ ಬಂದಿದೆ. ಕಾವ್ಯಕ್ಕೆ ವಿಮರ್ಶಕರಿದ್ದಾರೆ, ಕಾದಂಬರಿಗೆ ವಿಮರ್ಶಕರಿದ್ದಾರೆ, ನಾಟಕಕ್ಕೂ ಇದ್ದಾರೆ. ಲಕ್ಷಾಂತರ ಮನೆಗಳಲ್ಲಿ ಮಕ್ಕಳು ಮೊದಲು ಕೂಡಿಸಿ ಓದುವ, ವೃದ್ಧರು ಕಟ್ಟಕಡೆಗೆ ಕನ್ನಡಕ ತೆಗೆದು ಮಡಿಸಿಡುವ ಈ ಗದ್ಯವನ್ನು ಮಾತ್ರ ಯಾರೂ ತೂಗಿ ನೋಡುವುದಿಲ್ಲ. ಸುದ್ದಿ ನಿಜವೋ ಸುಳ್ಳೋ ಎಂದು ಕೇಳುತ್ತೇವೆ. ಸುದ್ದಿಯನ್ನು ಹೊತ್ತು ತಂದ ಮಾತು ಎಂತಹದು ಎಂದು ಕೇಳುವುದಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಒಂದೇ ಒಂದು ಪದವನ್ನೂ ಅದರ ಬಳಗವನ್ನೂ ಹಿಡಿದು ಪತ್ರಿಕೆಗಳ ಕನ್ನಡವನ್ನು ಪರಿಶೀಲಿಸಲು ನಾವು ಯತ್ನಿಸುತ್ತೇವೆ. ಆ ಪದ 'ಹವಾಮಾನ'. ಅದರ ಬಳಗವೆಂದರೆ ಗಾಳಿ, ಮಳೆ, ಬಿಸಿಲು, ಮೋಡ, ಗುಡುಗು, ಸಿಡಿಲು, ಬರ.

ಮೊದಲು ಪದದ ಹುಟ್ಟನ್ನು ನೋಡೋಣ. 'ಹವಾ' ಅರಬ್ಬಿ ಮೂಲದ್ದು. ಪಾರಸಿ, ಉರ್ದುಗಳ ದಾರಿಯಿಂದ ನಮ್ಮಲ್ಲಿಗೆ ಬಂದಿತು. 'ಮಾನ' ಸಂಸ್ಕೃತ, ಅಳತೆ ಎಂದು ಅರ್ಥ. ಎರಡು ಕುಲದ ಪದಗಳು ಕೂಡಿ ಕನ್ನಡದಲ್ಲಿ ಸಂಸಾರ ಹೂಡಿವೆ. ಇದರ ಪಕ್ಕದಲ್ಲೇ 'ಹವಾಗುಣ' ಎಂಬ ಇನ್ನೊಂದು ಪದವಿದೆ. ಇಂದು ಮಧ್ಯಾಹ್ನ ಅರಸೀಕೆರೆಯಲ್ಲಿ ಬಿಸಿಲೋ ಮೋಡವೋ ಎಂಬುದು ಹವಾಮಾನ. ಮೂವತ್ತು ವರ್ಷಗಳ ಲೆಕ್ಕವನ್ನು ಕೂಡಿಸಿ ಭಾಗಿಸಿ ಆ ಸೀಮೆಯ ಸ್ವಭಾವ ಇಂಥದೆಂದು ಹೇಳಿದರೆ ಅದು ಹವಾಗುಣ. ಮೊದಲನೆಯದು ದಿನದ ನಡೆ, ಎರಡನೆಯದು ನೆಲದ ಶೀಲ. ಈ ಭೇದವನ್ನು ಪತ್ರಿಕೆಗಳು ಎಷ್ಟೋ ಸಲ ಮರೆಯುತ್ತವೆ. ಒಂದು ದಿನ ಚಳಿ ಹೆಚ್ಚಾದರೆ ಹವಾಗುಣವೇ ಬದಲಾಯಿತೆಂದು ಬರೆಯುತ್ತವೆ. ದಶಕಗಳಿಂದ ನಡೆದುಬಂದ ಬದಲಾವಣೆಯನ್ನು ಒಂದು ದಿನದ ವೈಚಿತ್ರ್ಯವೆಂಬಂತೆ ಮೂಲೆಯಲ್ಲಿ ಮುದ್ರಿಸುತ್ತವೆ.

'ಹವಾಮಾನ' ಎಂಬ ಸಮಾಸದಲ್ಲಿ ಬೆಲೆಯುಳ್ಳ ಭಾಗ 'ಮಾನ'. ಗಾಳಿ ಎಲ್ಲರಿಗೂ ಗೊತ್ತು. ಅದನ್ನು ಅಳೆದಾಗಲೇ ವಿದ್ಯೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿ, 2025ರ ಜನವರಿಯಲ್ಲಿ ನೂರೈವತ್ತು ವರ್ಷ ತುಂಬಿಸಿಕೊಂಡಿತು. ಅಷ್ಟು ಕಾಲ ಅದು ಮಾಡಿದ ಕಾಯಕವೆಂದರೆ ಅಳೆಯುವುದು. ಆದರೆ ಪತ್ರಿಕೆಗಳ ರಾಜಕೀಯ ಪುಟದಲ್ಲಿಯೂ ಸಿನಿಮಾ ಪುಟದಲ್ಲಿಯೂ ಈ ಪದ ಏನಾಗಿದೆ ನೋಡಿ. ಅಲ್ಲಿ 'ಮಾನ' ಕಳಚಿ ಬಿದ್ದು ಬರಿಯ 'ಹವಾ' ಉಳಿದಿದೆ. ಒಬ್ಬ ನಾಯಕನ 'ಹವಾ' ಜೋರಾಗಿದೆ, ಒಬ್ಬ ನಟನ 'ಹವಾ' ಎದ್ದಿದೆ ಎನ್ನುತ್ತಾರೆ. ಎಷ್ಟು ಜೋರು, ಎಲ್ಲಿ, ಯಾರು ಅಳೆದರು ಎಂದು ಕೇಳುವಂತಿಲ್ಲ. ಅಳತೆ ಹೋದ ಮೇಲೆ ಉಳಿಯುವುದು ಗಾಳಿಯೇ. ಹವಾಮಾನದ ಬಳಗದ ಪದಗಳಿಗೆಲ್ಲ ಪತ್ರಿಕೆಗಳಲ್ಲಿ ಒದಗಿದ ಗತಿ ಇದೇ ಬಗೆಯದು.

ಅಲಂಕಾರವೇ ಬೇಡ, ಎಲ್ಲವನ್ನೂ ವಾಚ್ಯವಾಗಿಯೇ ಹೇಳಬೇಕು ಎಂಬ ಒಣವಾದ ನಮ್ಮದಲ್ಲ. ಮಮ್ಮಟನ 'ಕಾವ್ಯಪ್ರಕಾಶ'ವನ್ನು ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಲಕ್ಷಣೆಯ ಮೂರು ನಿಯಮಗಳು ನೆನಪಿರುತ್ತವೆ. ಪದದ ಮುಖ್ಯಾರ್ಥ ಅಲ್ಲಿ ಹೊಂದದೆ ಬಾಧಿತವಾಗಬೇಕು. ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು. ರೂಢಿಯಾಗಲಿ ಪ್ರಯೋಜನವಾಗಲಿ ಒಂದು ಕಾರಣವಿರಬೇಕು. ಗಂಗೆಯಲ್ಲಿ ಹಟ್ಟಿಯಿದೆ ಎಂಬುದು ಶಾಸ್ತ್ರಕಾರರ ಹಳೆಯ ಉದಾಹರಣೆ. ಹರಿಯುವ ನೀರಿನಲ್ಲಿ ಹಟ್ಟಿ ಇರಲಾರದು. ಆದುದರಿಂದ ಗಂಗೆ ಎಂದರೆ ಇಲ್ಲಿ ಗಂಗೆಯ ದಡ. ದಡವೆಂದೇ ಹೇಳಬಹುದಿತ್ತು; ಗಂಗೆ ಎಂದುದರಿಂದ ಆ ಹಟ್ಟಿಗೆ ತಂಪೂ ಪಾವಿತ್ರ್ಯವೂ ಬಂದವು. ಆ ಹೆಚ್ಚುವರಿ ಲಾಭವೇ ಪ್ರಯೋಜನ. ಲಾಭವಿಲ್ಲದ ಲಕ್ಷಣೆ ಬರಿಯ ಚಟ.

ಲಾಭವಿದ್ದ ಲಕ್ಷಣೆಗೆ ಉದಾಹರಣೆಯನ್ನು ನಾವು ದೂರ ಹುಡುಕಬೇಕಾಗಿಲ್ಲ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿಗೆ ದ್ವಾರಸಮುದ್ರವೆಂದು ಹೆಸರು. ಅಲ್ಲಿ ಇದ್ದುದು ಕೆರೆ. ಕೆರೆಯನ್ನು ಸಮುದ್ರವೆಂದು ಕರೆದರು. ಮುಖ್ಯಾರ್ಥಕ್ಕೆ ಬಾಧೆಯಿದೆ, ವಿಸ್ತಾರದ ಸಂಬಂಧವಿದೆ. ಪ್ರಯೋಜನವೋ ಬಹಳ ದೊಡ್ಡದು. ಸಮುದ್ರವೆಂದು ಒಮ್ಮೆ ಕರೆದ ಮೇಲೆ ಅದನ್ನು ಬತ್ತಲು ಬಿಡುವುದು ಕರೆದವನಿಗೆ ಅವಮಾನ. ಏರಿಯನ್ನು ಕಾಯಬೇಕು, ತೂಬನ್ನು ನೋಡಬೇಕು, ಕಾಲುವೆಯನ್ನು ತೆರವಾಗಿಡಬೇಕು. ಆ ರೂಪಕ ಕರ್ತವ್ಯವನ್ನು ಹೇರುತ್ತಿತ್ತು. ಆ ರೂಪಕದಲ್ಲಿ ನೀರಿತ್ತು. ಅರಸೀಕೆರೆಯ ಹೆಸರಿಗಾದರೆ ಲಕ್ಷಣೆಯೇ ಬೇಕಿಲ್ಲ. ಅರಸಿಯ ಹೆಸರಿನ ಕೆರೆ, ಕೆರೆಯ ಹೆಸರಿನ ಊರು: ಯಾರಿಂದಾಯಿತು, ಏನಾಯಿತು ಎಂಬ ಎರಡೂ ಸಂಗತಿಗಳು ಒಂದೇ ಪದದಲ್ಲಿ ಅಡಗಿವೆ. ಕರ್ತೃವನ್ನೂ ಕಾರ್ಯವನ್ನೂ ಬಿಡದೆ ಹೇಳಿದ ಇಂಥ ವರದಿ ಇಂದು ಎಷ್ಟು ತಲೆಬರಹಗಳಲ್ಲಿ ಸಿಗುತ್ತದೆ?

ನಮ್ಮ ಕಾಲದ ಜನ ಕಟ್ಟಿದ ಒಳ್ಳೆಯ ಮಾತೂ ಇಲ್ಲದಿಲ್ಲ. 2003ರಲ್ಲಿ 'ವರುಣ' ಯೋಜನೆಯೂ 2017ರಲ್ಲಿ 'ವರ್ಷಧಾರಿ' ಯೋಜನೆಯೂ ನಡೆದಾಗ 'ಮೋಡ ಬಿತ್ತನೆ' ಎಂಬ ಮಾತು ಹಳ್ಳಿಹಳ್ಳಿಗೂ ತಲುಪಿತು. ವಿಮಾನದಿಂದ ಮೋಡದೊಳಕ್ಕೆ ಲವಣದ ಕಣಗಳನ್ನು ಸಿಡಿಸುವ ಕ್ರಿಯೆಯನ್ನು ಬಿತ್ತನೆ ಎಂದೊಡನೆ ರೈತನಿಗೆ ಎರಡು ವಿಷಯ ತಿಳಿಯಿತು. ಬೀಜಕ್ಕೆ ಹೊಲ ಬೇಕಾದಂತೆ ಇದಕ್ಕೆ ಮೊದಲು ಮೋಡವಿರಬೇಕು, ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ. ಒಂದು ಪದ ಒಂದು ಪಾಠವನ್ನೇ ಹೇಳಿತು. ಹೀಗೆ ತಿಳಿವನ್ನು ಕೂಡಿಸುವ ಅಲಂಕಾರಕ್ಕೆ ನಾವು ಕೈಮುಗಿಯುತ್ತೇವೆ.

ಇನ್ನು ದೋಷಗಳ ವಿಚಾರ. ಪತ್ರಿಕೆಗಳ ಮಾತಿನಲ್ಲಿ ಹವಾಮಾನದ ಪದಗಳಿಗೆ ಮೂರು ಬಗೆಯ ಅಪಚಾರವಾಗುತ್ತಿದೆ ಎಂದು ನಮಗೆ ತೋರುತ್ತದೆ. ಮನುಷ್ಯರು ಮಾಡಿದ್ದನ್ನು ಹವೆಯೆಂದು ಹೇಳುವುದು ಮೊದಲನೆಯದು. ಹವೆ ಮಾಡಿದ್ದನ್ನು ಒಬ್ಬ ವ್ಯಕ್ತಿಯ ಕೋಪವೆಂದು ಹೇಳುವುದು ಎರಡನೆಯದು. ಹವೆಯನ್ನು ಹವೆಯೆಂದೇ ಹೇಳುವಾಗಲೂ ಅಳತೆಯನ್ನು ಬಿಟ್ಟು ಅಬ್ಬರವನ್ನು ಮಾತ್ರ ಹಿಡಿಯುವುದು ಮೂರನೆಯದು.

ಮೊದಲನೆಯದನ್ನು ತೆಗೆದುಕೊಳ್ಳಿ. 'ಬೆಲೆ ಏರಿಕೆಯ ಬಿಸಿ ತಟ್ಟಿತು' ಎಂದು ಬರೆಯುತ್ತಾರೆ. ಬಿಸಿಲು ತಟ್ಟುವುದು ಯಾರ ತಪ್ಪೂ ಅಲ್ಲ. ಸೂರ್ಯನನ್ನು ಕಟಕಟೆಗೆ ಕರೆಯಲಾಗದು. ಬೆಲೆಯನ್ನಾದರೋ ಮನುಷ್ಯರು ಏರಿಸಿದರು. ದಾಸ್ತಾನು ಮಾಡಿದವರಿದ್ದಾರೆ, ತೆರಿಗೆ ಹಾಕಿದವರಿದ್ದಾರೆ, ಆಮದು ರಫ್ತಿನ ಆಜ್ಞೆಗೆ ಸಹಿ ಮಾಡಿದವರಿದ್ದಾರೆ. 'ಬಿಸಿ ತಟ್ಟಿತು' ಎಂದೊಡನೆ ಅವರೆಲ್ಲ ವಾಕ್ಯದಿಂದ ಹೊರಗೆ ಹೋದರು. ಕರ್ತೃವಿಲ್ಲದ ಕ್ರಿಯೆ ಉಳಿಯಿತು. 'ಅಸಮಾಧಾನದ ಕಾರ್ಮೋಡ ಕವಿಯಿತು', 'ಗಲಭೆಯ ಬಿರುಗಾಳಿ ಎದ್ದಿತು', 'ಹಗರಣದ ಸಿಡಿಲು ಬಡಿಯಿತು' ಎಂಬವೂ ಇದೇ ಜಾತಿಯವು. ಗಲಭೆ ತಾನಾಗಿ ಏಳುವುದಿಲ್ಲ, ಎಬ್ಬಿಸುವವರಿರುತ್ತಾರೆ. ಹಗರಣ ಆಕಾಶದಿಂದ ಬೀಳುವುದಿಲ್ಲ, ಕಡತಗಳಲ್ಲಿ ಬೆಳೆಯುತ್ತದೆ. ಕರ್ತೃಪದವನ್ನು ಗುರುತಿಸಿ ಎಂದು ವ್ಯಾಕರಣದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಪತ್ರಿಕೆಯನ್ನು ಓದುವ ಹಿರಿಯರಿಗೂ ಆ ಪಾಠ ಬೇಕಾಗಿದೆ.

'ಅಲೆ' ಎಂಬ ಪದದ ಕಥೆಯಂತೂ ಪ್ರತ್ಯೇಕವಾಗಿ ಹೇಳತಕ್ಕದ್ದು. ಗಾಳಿಯ ಮಗಳಾದ ಅಲೆ ಚುನಾವಣೆಯ ವರದಿಗೆ ಸೊಸೆಯಾಗಿ ಬಂದು ಐವತ್ತು ವರ್ಷಗಳ ಮೇಲಾಯಿತು. 1977ರ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿಯ ತರುವಾಯ ನಡೆದ ಲೋಕಸಭಾ ಚುನಾವಣೆಯನ್ನು 'ಜನತಾ ಅಲೆ' ಎಂದು ಇಂದಿಗೂ ಬರೆಯುತ್ತಾರೆ. ದೇಶವನ್ನೇ ಕೊಚ್ಚಿಕೊಂಡು ಹೋದ ಅಲೆ ಎಂದು ಹೊಸ ತಲೆಮಾರಿನವರು ನಂಬಿದ್ದಾರೆ. ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಗೆದ್ದುದು ಕಾಂಗ್ರೆಸ್ಸು. ಉತ್ತರದಲ್ಲಿ ಸೋತ ಪಕ್ಷ ನಮ್ಮಲ್ಲಿ ಗೆದ್ದಿತ್ತು. ಮತದಾರ ಅಲೆಯ ಮೇಲಿನ ತೆಂಗಿನ ಬುರುಡೆಯಲ್ಲ. ತನ್ನ ಸೀಮೆಯ ಸುಖದುಃಖ, ಜಾತಿ, ಜಮೀನು, ಭಯ, ಭರವಸೆಗಳನ್ನು ಲೆಕ್ಕ ಹಾಕಿ ಒತ್ತುವವನು. ಅಲೆ ಎಂದುಬಿಟ್ಟರೆ ಆ ಲೆಕ್ಕವನ್ನು ವಿಚಾರಿಸುವ ಶ್ರಮ ವರದಿಗಾರನಿಗೆ ತಪ್ಪುತ್ತದೆ. ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಭಾಷೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನೇ ಹೇಳಿದ. ಸವೆದ ರೂಪಕಗಳನ್ನು ಜನ ಬಳಸುವುದು ಯೋಚಿಸುವ ಶ್ರಮವನ್ನು ಉಳಿಸಿಕೊಳ್ಳಲು ಎಂಬುದು ಅವನ ದೂರು.

ಎರಡನೆಯ ಅಪಚಾರ ಇದರ ತದ್ವಿರುದ್ಧ. ಮಳೆ ಬಾರದಿದ್ದರೆ 'ವರುಣನ ಅವಕೃಪೆ', ಹದವಾಗಿ ಬಂದರೆ 'ವರುಣನ ಕೃಪೆ', ಹೆಚ್ಚಾದರೆ 'ವರುಣನ ಆರ್ಭಟ', ಇನ್ನೂ ಹೆಚ್ಚಾದರೆ 'ರುದ್ರನರ್ತನ'. ನಮ್ಮಂಥ ಕಾವಿಯವರಿಗೆ ದೇವರ ಹೆಸರು ಪತ್ರಿಕೆಯಲ್ಲಿ ಬಂದರೆ ಸಂತೋಷವಾಗಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಗೋವರ್ಧನಗಿರಿಯನ್ನು ಎತ್ತಿ ಹಿಡಿದ ಕೃಷ್ಣನ ಶಿಲ್ಪವಿದೆ. ಇಂದ್ರನ ಕೋಪದ ಮಳೆಯಿಂದ ದನಕರುಗಳನ್ನೂ ಗೊಲ್ಲರನ್ನೂ ಕಾಪಾಡುವ ಕಥೆ ಅದು. ಅಲ್ಲಿ ಮಳೆಗೆ ಮನಸ್ಸಿದೆ, ಕೋಪವಿದೆ. ಅದು ಕಾವ್ಯದ ಲೋಕ. ಅಲ್ಲಿ ಅದು ಸರಿಯಾದ ಸ್ಥಳದಲ್ಲಿದೆ. ಹೊಯ್ಸಳ ಸೋಮೇಶ್ವರನ ಕಾಲದ ಮಲ್ಲಿಕಾರ್ಜುನ ತನ್ನ 'ಸೂಕ್ತಿಸುಧಾರ್ಣವ'ದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಗಳ ಅನುಕ್ರಮದಲ್ಲಿ ಸಂಕಲಿಸಿದನಷ್ಟೆ; ಅಷ್ಟಾದಶ ವರ್ಣನೆಗಳಲ್ಲಿ ಋತುಗಳಿಗೂ ಪಾಲಿದೆ. ಮಳೆಯನ್ನು ವರ್ಣಿಸುವುದು ಕವಿಯ ಹಕ್ಕು. ವರದಿಗಾರನ ಧರ್ಮ ಬೇರೆ. ಆತ ಕಾರಣವನ್ನು ಹುಡುಕತಕ್ಕವನು. ಶಿಲ್ಪದಲ್ಲಿಯೂ ಗಮನಿಸಬೇಕಾದ ಅಂಶವೊಂದಿದೆ: ಮಳೆ ಯಾರ ಕೋಪವಾದರೂ ಆಗಲಿ, ಬೆಟ್ಟವನ್ನು ಎತ್ತುವ ಹೊಣೆ ಒಬ್ಬರ ಮೇಲೆ ಇದ್ದೇ ಇತ್ತು. ಪತ್ರಿಕೆಯ 'ಆರ್ಭಟ'ದಲ್ಲಿ ಆ ಹೊಣೆಗಾರನೇ ಕಾಣೆಯಾಗುತ್ತಾನೆ.

2021ರ ಜುಲೈಯಲ್ಲಿ ಸಕಲೇಶಪುರದ ಬಳಿ ದೋಣಿಗಾಲಿನಲ್ಲಿ ಹೆದ್ದಾರಿ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. ಮಳೆ ಭಾರಿಯಾಗಿತ್ತು, ನಿಜ. ಆದರೆ ಅದು ನಾಲ್ಕು ಪಥದ ರಸ್ತೆಗಾಗಿ ಕಾಮಗಾರಿ ನಡೆಯುತ್ತಿದ್ದ ಮಾರ್ಗ. ಗುಡ್ಡವನ್ನು ಎಷ್ಟು ನೇರವಾಗಿ ಕಡಿದರು, ತಡೆಗೋಡೆ ಎಲ್ಲಿತ್ತು, ನೀರು ಹರಿಯಲು ಚರಂಡಿ ಎಲ್ಲಿತ್ತು ಎಂಬ ಪ್ರಶ್ನೆಗಳು ಮಳೆಗೆ ಕೇಳುವಂಥವಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಲಿನ ಬಡಾವಣೆಗಳು ಮುಳುಗಿದಾಗಲೂ ಹೀಗೆಯೇ. ಕೆರೆಯಿಂದ ಕೆರೆಗೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳನ್ನು ಒತ್ತುವರಿ ಮಾಡಿದವರು ಮನುಷ್ಯರು. ಹೆಸರು ಬಂದದ್ದು ವರುಣನಿಗೆ. ದೇವರನ್ನು ಪತ್ರಿಕೆಗೆ ತಂದವರು ಭಕ್ತಿಯಿಂದ ತಂದಿಲ್ಲ, ಜಾಮೀನುದಾರನನ್ನಾಗಿ ತಂದಿದ್ದಾರೆ. ನುಡಿಯನ್ನು ನಡೆಯೊಡನೆ ಒರೆಗೆ ಹಚ್ಚಿ ನೋಡಿದ ಶರಣರ ನಾಡಿನಲ್ಲಿ ದೇವರ ಹೆಸರಿಗೆ ಇದಕ್ಕಿಂತ ದೊಡ್ಡ ಅಗೌರವ ಬೇರೆ ಯಾವುದಿದೆ?

ಹೀಗೆ ಒಂದು ಕೈಯಿಂದ ಮನುಷ್ಯರ ಕರ್ಮವನ್ನು ಹವೆಯ ತಲೆಗೆ ಕಟ್ಟುತ್ತಾರೆ. ಇನ್ನೊಂದು ಕೈಯಿಂದ ಹವೆಯನ್ನು ದೇವರ ತಲೆಗೆ ಕಟ್ಟುತ್ತಾರೆ. ಕಡೆಗೆ ಹೊಣೆಯೆಂಬುದು ಯಾರ ಬಾಗಿಲಲ್ಲಿಯೂ ನಿಲ್ಲುವುದಿಲ್ಲ. ಈ ಲೇಖನದ ಮುಖ್ಯ ಆಕ್ಷೇಪಣೆ ಇದೇ.

ಮೂರನೆಯ ಅಪಚಾರವನ್ನು ಅರಿಯಲು ನಮ್ಮ ಜಿಲ್ಲೆಯ ನೆಲವನ್ನೊಮ್ಮೆ ನೋಡಬೇಕು. ಹಾಸನ ಜಿಲ್ಲೆ ಪಶ್ಚಿಮದಲ್ಲಿ ಘಟ್ಟ, ಪೂರ್ವದಲ್ಲಿ ಬಯಲು. ಸಕಲೇಶಪುರ ಅಪ್ಪಟ ಮಲೆನಾಡು; ಯಗಚಿಯ ದಡದ ಬೇಲೂರು ಅರೆಮಲೆನಾಡು; ಅಲ್ಲಿಂದ ಹದಿನಾರು ಕಿಲೋಮೀಟರ್ ಬಂದು ಹಳೇಬೀಡು ಮುಟ್ಟುವಷ್ಟರಲ್ಲಿ ಹಸುರು ತೆಳುವಾಗುತ್ತದೆ; ಮುಂದೆ ಅರಸೀಕೆರೆಯದು ತೆಂಗು, ರಾಗಿ, ಹೆಸರು, ಅಲಸಂದೆಗಳ ಮಳೆಯಾಶ್ರಯದ ಬಯಲು. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟದ ಮೇಲೆ ತನ್ನ ಭಾರವನ್ನೆಲ್ಲ ಇಳಿಸಿ, ಪೂರ್ವಕ್ಕೆ ಬರುವಾಗ ಬರಿಗೈಯಾಗಿರುತ್ತದೆ. ಅರ್ಧ ದಿನದ ಪ್ರಯಾಣದಲ್ಲಿ ಮೂರು ಹವಾಗುಣಗಳು. ಹವಾಮಾನ ಇಲಾಖೆಯ ವಿಭಾಗದಲ್ಲಾದರೋ ಈ ಜಿಲ್ಲೆ ಇಡಿಯಾಗಿ 'ದಕ್ಷಿಣ ಒಳನಾಡು'. ಆದುದರಿಂದ 'ದಕ್ಷಿಣ ಒಳನಾಡಿನ ಕೆಲವೆಡೆ ಮಳೆ' ಎಂಬ ಸಾಲು ಸಕಲೇಶಪುರಕ್ಕೆ ಒಂದು ಅರ್ಥ, ಅರಸೀಕೆರೆಗೆ ಇನ್ನೊಂದು ಅರ್ಥ ಕೊಡುತ್ತದೆ.

ಹಿಂದೊಮ್ಮೆ ಜೂನ್ ತಿಂಗಳಲ್ಲಿ ಅರಸೀಕೆರೆ ಸೀಮೆಯ ವೃದ್ಧ ಭಕ್ತರೊಬ್ಬರು ಮಠಕ್ಕೆ ಬಂದು ಒಂದು ಪತ್ರಿಕೆಯನ್ನು ಮುಂದೆ ಹಿಡಿದು ಕೇಳಿದರು: "ಬುದ್ಧೀ, ಪೇಪರ್‌ನಾಗೆ ಮುಂಗಾರು ಅಬ್ಬರ ಅಂತ ದೊಡ್ಡಕ್ಷರದಾಗೆ ಬರೆದವ್ರೆ. ನಮ್ಮ ಹೊಲದಾಗೆ ಧೂಳು ಏಳ್ತಾ ಐತೆ. ಈ ಅಬ್ಬರ ಯಾವೂರಿಂದು?" ನಾವು ನೋಡಿದೆವು. ಅಬ್ಬರವಾದದ್ದು ಕರಾವಳಿಯಲ್ಲಿ. ಆ ಸಂಗತಿ ಒಳಪುಟದಲ್ಲಿತ್ತು; ಮುಖಪುಟದಲ್ಲಿ ಅಬ್ಬರ ಮಾತ್ರವಿತ್ತು. ಪಕ್ಕದ ಹೊಲದವರು ಆ ತಲೆಬರಹವನ್ನು ನಂಬಿ ಒಣ ನೆಲಕ್ಕೆ ಬೀಜ ಹಾಕಿದ್ದಾರೆಂದು ಅವರು ಹೇಳಿದರು. ಕವಿಯ ಅತಿಶಯೋಕ್ತಿಯಿಂದ ಯಾರ ಬೀಜವೂ ಹಾಳಾಗುವುದಿಲ್ಲ. ಪತ್ರಿಕೆಯ ಅತಿಶಯೋಕ್ತಿಗೆ ಬೆಲೆ ತೆರುವವನು ರೈತ.

ವಿಪರ್ಯಾಸವೆಂದರೆ ಹವಾಮಾನ ಶಾಸ್ತ್ರದ ಸಾದಾ ಮಾತುಗಳಿಗೆ ಖಚಿತವಾದ ಅಳತೆಗಳಿವೆ. ಮುನ್ಸೂಚನೆಯಲ್ಲಿ 'ಒಂದೆರಡು ಕಡೆ' ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25ರವರೆಗೆ. 'ಕೆಲವೆಡೆ' ಎಂದರೆ 26ರಿಂದ 50. 'ಹಲವೆಡೆ' ಎಂದರೆ 51ರಿಂದ 75. 'ಬಹುತೇಕ ಕಡೆ' ಎಂದರೆ ಅದಕ್ಕೂ ಮೇಲೆ. ಹಾಗೆಯೇ ಇಪ್ಪತ್ತನಾಲ್ಕು ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ 'ಭಾರಿ ಮಳೆ', 115.6 ಮುಟ್ಟಿದರೆ 'ಅತಿ ಭಾರಿ', 204.4ನ್ನು ಮೀರಿದರೆ 'ಅತ್ಯಂತ ಭಾರಿ'. ಈ ಇಪ್ಪತ್ತನಾಲ್ಕು ಗಂಟೆಗಳ ಲೆಕ್ಕ ಬೆಳಗಿನ 8.30ಕ್ಕೆ ಮುಗಿಯುತ್ತದೆ. ಪತ್ರಿಕೆಯಲ್ಲಿ 'ಕೆಲವೆಡೆ' ಮತ್ತು 'ಹಲವೆಡೆ'ಗಳು ಪ್ರಾಸದ ಅನುಕೂಲಕ್ಕೆ ಸ್ಥಾನ ಬದಲಾಯಿಸಿಕೊಳ್ಳುತ್ತವೆ. 'ಭಾರಿ' ಎಂಬುದು ಕೊಡೆ ನೆನೆದ ಮಳೆಗೆಲ್ಲ ಅನ್ವಯವಾಗುತ್ತದೆ. ಹೊಲದ ಲೆಕ್ಕದಲ್ಲಿ ನೋಡಿ: ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,047 ಲೀಟರ್ ನೀರು. ಹತ್ತು ಮಿಲಿಮೀಟರಿನ ವ್ಯತ್ಯಾಸ ಪತ್ರಿಕೆಗೆ ಒಂದು ವಿಶೇಷಣದ ವ್ಯತ್ಯಾಸ; ರೈತನಿಗೆ ಎಕರೆಗೆ ನಲವತ್ತು ಸಾವಿರ ಲೀಟರಿನ ವ್ಯತ್ಯಾಸ. ಹವಾಮಾನ ಆಧಾರಿತ ಬೆಳೆವಿಮೆಯ ಹಣ ಬರುವುದೂ ತಪ್ಪುವುದೂ ಈ ಅಂಕಿಗಳ ಮೇಲೆಯೇ.

ಎಚ್ಚರಿಕೆಯ ಬಣ್ಣಗಳಿಗೂ ಅದೇ ಗತಿ. ಹಸುರೆಂದರೆ ಎಚ್ಚರಿಕೆಯಿಲ್ಲ, ಹಳದಿಯೆಂದರೆ ಗಮನಿಸುತ್ತಿರಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಪ್ರವೃತ್ತರಾಗಿ. ಇವು ನಾಲ್ಕು ಆದೇಶಗಳು. ದೂರದರ್ಶನದ ವಾಹಿನಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಇವು ನಾಲ್ಕು ಹೆದರಿಕೆಗಳಾಗಿವೆ. ಏನು ಮಾಡಬೇಕೆಂದು ಹೇಳದೆ ಹೆದರಿಸಿದರೆ ಮೂರನೆಯ ಸಲಕ್ಕೆ ಜನ ಹೆದರುವುದನ್ನೇ ಬಿಡುತ್ತಾರೆ. ಆಮೇಲೆ ನಿಜವಾದ ಅಪಾಯ ಬಂದಾಗ ಕೂಗಿದರೂ ಕೇಳುವವರಿಲ್ಲ. ಇನ್ನೊಂದು ಮಾತು. 'ಮುನ್ಸೂಚನೆ' ಎಂಬ ಒಳ್ಳೆಯ ಪದವಿರುವಾಗ ಎಷ್ಟೋ ಕಡೆ 'ಹವಾಮಾನ ಭವಿಷ್ಯ' ಎಂದು ಬರೆದು, ದಿನಭವಿಷ್ಯದ ಪಕ್ಕದಲ್ಲಿ ಮುದ್ರಿಸುತ್ತಾರೆ. ಮುನ್ಸೂಚನೆಯ ಜೀವ 'ಸಾಧ್ಯತೆ' ಎಂಬ ಪದದಲ್ಲಿದೆ. ತಲೆಬರಹ ಗಿಡ್ಡವಾಗಲೆಂದು ಮೊದಲು ಕತ್ತರಿಸುವುದು ಅದನ್ನೇ. ಸಾಧ್ಯತೆ ಹೋದರೆ ಶಾಸ್ತ್ರ ಹೋಗಿ ಕಣಿ ಉಳಿಯುತ್ತದೆ. ಮಳೆ ತಪ್ಪಿದಾಗ ಜನ ನಗುವುದು ಪತ್ರಿಕೆಯನ್ನು ನೋಡಿ ಅಲ್ಲ, ಪಾಪದ ಹವಾಮಾನ ಇಲಾಖೆಯನ್ನು ನೋಡಿ.

ಈ ಮೂರು ಅಪಚಾರಗಳೂ ಒಟ್ಟಿಗೆ ಸೇರಿ ಹಾಳುಮಾಡಿರುವ ಪದ 'ಬರ'. ನಮ್ಮ ಸೀಮೆಯಲ್ಲಿ ಇದಕ್ಕಿಂತ ಭಾರವಾದ ಎರಡಕ್ಷರ ಇನ್ನೊಂದಿಲ್ಲ. ತೆಂಗಿನ ಸುಳಿ ಒಣಗುವುದು, ಕೊಳವೆಬಾವಿ ಬತ್ತುವುದು, ದನಗಳನ್ನು ಸಂತೆಗೆ ಹೊಡೆಯುವುದು, ಗಂಡಾಳುಗಳು ಬೆಂಗಳೂರಿನ ಬಸ್ಸು ಹತ್ತುವುದು ಇವೆಲ್ಲ ಆ ಪದದೊಳಗಿವೆ. ಅದಕ್ಕೆ ಸರಕಾರಿ ಲಕ್ಷಣವೂ ಇದೆ. 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆ, ಮಳೆಯಿಲ್ಲದೆ ಕಳೆದ ವಾರಗಳು, ಬೆಳೆಯ ಹಸುರಿನ ಸ್ಥಿತಿ, ಮಣ್ಣಿನ ತೇವ, ಬಿತ್ತನೆಯ ವಿಸ್ತೀರ್ಣ, ಜಲಾಶಯ ಮತ್ತು ಅಂತರ್ಜಲದ ಮಟ್ಟ ಇವುಗಳನ್ನು ನೋಡಿ, ಹೊಲಕ್ಕೆ ಹೋಗಿ ಪರೀಕ್ಷಿಸಿ, ಆಮೇಲೆ ಬರವೆಂದು ಘೋಷಿಸಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಕಡೆಗೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ರಾಜ್ಯ ಕೇಳಿದ ಪರಿಹಾರ 18,171 ಕೋಟಿ ರೂಪಾಯಿ. ವ್ಯಾಜ್ಯ 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲಿನಲ್ಲಿ ಕೇಂದ್ರದಿಂದ ಮಂಜೂರಾದದ್ದು ಸುಮಾರು 3,454 ಕೋಟಿ. ಒಂದು ಪದದ ಅಳತೆಗಾಗಿ ಎರಡು ಸರಕಾರಗಳು ನ್ಯಾಯಾಲಯದಲ್ಲಿ ನಿಂತವು.

ಆ ಏಪ್ರಿಲ್ ತಿಂಗಳ ಪತ್ರಿಕೆಗಳನ್ನು ನೆನಪಿಸಿಕೊಳ್ಳಿ. 26ರಂದು ಹಾಸನದಲ್ಲಿ ಲೋಕಸಭಾ ಚುನಾವಣೆಯ ಮತದಾನ. ಪುಟಗಳ ತುಂಬ 'ಚುನಾವಣಾ ಕಾವು', 'ಪ್ರಚಾರದ ಬಿರುಗಾಳಿ', 'ಆರೋಪಗಳ ಸುರಿಮಳೆ', 'ಭರವಸೆಗಳ ಮಹಾಪೂರ'. ಆಟದ ಪುಟದಲ್ಲಿ 'ರನ್ ಮಳೆ', 'ವಿಕೆಟ್ ಬರ'. ನಿಜವಾದ ಕಾವು ನೆತ್ತಿಯನ್ನು ಸುಡುತ್ತಿತ್ತು. ನಿಜವಾದ ಮಳೆ ಬಂದಿರಲಿಲ್ಲ. ನಿಜವಾದ ಬರ ಹಳ್ಳಿಗಳಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲಾಗಿ ನಿಂತಿತ್ತು. ರೂಪಕಗಳಲ್ಲಿ ಅಷ್ಟೆಲ್ಲ ಮಳೆ ಸುರಿದ ಪುಟದಲ್ಲಿ ನೀರಿಲ್ಲದ ಊರಿನ ಸುದ್ದಿಗೆ ಮೂಲೆಯ ನಾಲ್ಕು ಸಾಲು. ವಿಕೆಟ್ಟಿಗೂ ಬರ, ಅಭ್ಯರ್ಥಿಗೂ ಬರ, ಪ್ರೇಕ್ಷಕರಿಗೂ ಬರ ಎಂದು ದಿನನಿತ್ಯ ಓದಿದ ಕಣ್ಣಿಗೆ ಅರಸೀಕೆರೆಯ ಬರವೂ ಅವುಗಳಲ್ಲಿ ಒಂದಾಗಿ ಕಂಡರೆ ಆಶ್ಚರ್ಯವೇನು? ರೂಪಕವನ್ನು ವಿಪರೀತ ಬಳಸುವುದರ ನಷ್ಟ ಇಲ್ಲಿದೆ. ನಿಜವಾದ ಸಂಗತಿ ಬಾಗಿಲು ತಟ್ಟಿದಾಗ ಅದಕ್ಕೆ ಕೊಡಲು ನಮ್ಮಲ್ಲಿ ಸವೆಯದ ಪದ ಉಳಿದಿರುವುದಿಲ್ಲ.

ಕನ್ನಡ ಬಡವಾಗಿದೆಯೆಂದು ಈ ಗತಿ ಬಂದಿದ್ದರೆ ಕ್ಷಮಿಸಬಹುದಿತ್ತು. ನಮ್ಮ ಒಕ್ಕಲು ಮಕ್ಕಳ ಬಾಯಲ್ಲಿ ತುಂತುರು ಬೇರೆ, ಸೋನೆ ಬೇರೆ, ಜಡಿ ಬೇರೆ, ಹದಮಳೆ ಬೇರೆ. ಸೂರ್ಯ ನಡೆಯುವ ನಕ್ಷತ್ರಗಳನ್ನು ಹಿಡಿದು ಅವರು ಮಳೆಗಳನ್ನು ಹೆಸರಿಸಿದ್ದಾರೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಮೂರನೆಯ ವಾರದ ಕೊನೆಗೆ ಆರಿದ್ರ, ಹೀಗೆ. 'ಆರಿದ್ರ ತಪ್ಪಿತು' ಎಂಬ ಎರಡು ಪದದಲ್ಲಿ ತಾರೀಖು, ಬೆಳೆ, ನಷ್ಟ ಮೂರೂ ಬಂದವು. ಬೇಲೂರು ಸಕಲೇಶಪುರಗಳ ಕಾಫಿ ತೋಟದವರು ಮಾರ್ಚಿ ಏಪ್ರಿಲಿನ ಮೊದಲ ಹದಮಳೆಯನ್ನು 'ಹೂಮಳೆ' ಎನ್ನುತ್ತಾರೆ. ಆ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಗಿಡ ಬಿಳಿಯ ಹೂವಿನಿಂದ ತುಂಬುತ್ತದೆ. ತಪ್ಪಿದರೆ ವರ್ಷದ ಫಸಲಿಗೇ ಪೆಟ್ಟು. ಇದು ಪದದ ನಿಜವಾದ ಬೆಳಗು. ಪತ್ರಿಕೆಯಲ್ಲಿ 'ಹೂಮಳೆ' ಎಂದರೆ ತೆರೆದ ವಾಹನದಲ್ಲಿ ನಿಂತ ನಾಯಕನ ತಲೆಯ ಮೇಲೆ ಯಂತ್ರದಿಂದ ಸುರಿಸಿದ ಪಕಳೆ. ಒಂದು ಹೂಮಳೆ ವರ್ಷದ ಅನ್ನ ಕೊಡುತ್ತದೆ, ಇನ್ನೊಂದನ್ನು ಪೌರಕಾರ್ಮಿಕರು ಸಂಜೆಗೆ ಗುಡಿಸುತ್ತಾರೆ.

ಪತ್ರಿಕೆಯವರ ಪಕ್ಷವನ್ನೂ ಕೇಳಬೇಕಾದದ್ದು ನ್ಯಾಯ. ರಾತ್ರಿ ಹನ್ನೊಂದಕ್ಕೆ ಪುಟ ಮುಗಿಯಬೇಕು. ಆರು ಪದದಲ್ಲಿ ತಲೆಬರಹ ಕೂರಬೇಕು. ಓದುಗನ ಕಣ್ಣು ಹಿಡಿಯಬೇಕು. ಇದೆಲ್ಲ ನಿಜ. ಸುದ್ದಿಗಾಗಿ ಕೊರಕಲು ದಾರಿಯಲ್ಲಿ ನಡೆದು, ಅಳತೆಯನ್ನು ಹೋಬಳಿವಾರು ತಂದು ಕೊಡುವ ತಾಲೂಕು ವರದಿಗಾರರನ್ನು ನಾವು ಬಲ್ಲೆವು. ದೋಷ ಅಂಥವರದಲ್ಲ. ಗಿಡ್ಡ ಮಾತು ಸುಳ್ಳಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ. 'ಅರಸೀಕೆರೆ: ಮೂರು ವಾರ ಮಳೆಯಿಲ್ಲ' ಎಂಬುದು 'ವರುಣನ ಅವಕೃಪೆ: ಕಂಗಾಲಾದ ಅನ್ನದಾತ' ಎಂಬುದಕ್ಕಿಂತ ಉದ್ದವೇನಲ್ಲ. ಮೊದಲನೆಯದರಲ್ಲಿ ಊರಿದೆ, ಅವಧಿಯಿದೆ, ಸಂಗತಿಯಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟು ಪ್ರತಿದಿನ ಲೆಕ್ಕ ಕೊಡುತ್ತಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ಲೆಕ್ಕ ಸಿದ್ಧವಾಗಿದೆ, ಬೇಕಾದದ್ದು ಅದನ್ನು ಮುಖಪುಟಕ್ಕೆ ತರುವ ಮನಸ್ಸು.

ನೀರನ್ನು ಕುರಿತ ದೊಡ್ಡ ಕಾಮಗಾರಿಗಳ ವರದಿಗೂ ಈ ಮಾತು ಸಲ್ಲುತ್ತದೆ. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆಯ ಮೊದಲ ಹಂತ ಉದ್ಘಾಟನೆಯಾಯಿತು. ಸಕಲೇಶಪುರದ ಕಡೆ ಬಿದ್ದ ಮಳೆಯ 24.01 ಟಿ.ಎಂ.ಸಿ. ನೀರನ್ನು ಎತ್ತಿ ಪೂರ್ವದ ಒಣ ಸೀಮೆಗಳಿಗೆ ಹರಿಸಬೇಕೆಂಬ ಯೋಜನೆ. ಕಾಲುವೆಯ ದಾರಿಯಲ್ಲಿ ಅರಸೀಕೆರೆ ತಾಲೂಕೂ ಇದೆ. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕೆರೆಗೆ ತರಬೇಕೆಂದು ಆ ಸೀಮೆಯ ರೈತರು ಹೋರಾಡಿದ್ದಾರೆ. ಇಂಥ ಕೆಲಸಗಳನ್ನು 'ಭಗೀರಥ ಪ್ರಯತ್ನ'ವೆಂದು ಹೊಗಳಿ ಕೈತೊಳೆದುಕೊಂಡರೆ ಸಾಲದು. ಎಷ್ಟು ನೀರು, ಯಾವ ತಿಂಗಳು, ಯಾವ ಕೆರೆಗೆ, ಘಟ್ಟದ ಕಾಡಿಗೆ ಏನು ಬೆಲೆ ಎಂಬುದನ್ನು ವರ್ಷವರ್ಷವೂ ಕೇಳುತ್ತಿರಬೇಕು. ಭಗೀರಥ ಗಂಗೆಯನ್ನು ತಂದದ್ದು ಪೂಜ್ಯವಾದ ಕಥೆ. ಕಾಲುವೆಯಲ್ಲಿ ನೀರು ಬಂದದ್ದು ಲೆಕ್ಕಕ್ಕೆ ಸಿಗಬೇಕಾದ ಸಂಗತಿ.

ವಾಚಕರಲ್ಲಿ, ವಿಶೇಷವಾಗಿ ನಮ್ಮ ಮಠದಲ್ಲಿ ಅನ್ನ ಅಕ್ಷರಗಳನ್ನು ಪಡೆದು ಇಂದು ಉಪಾಧ್ಯಾಯರೂ ಪತ್ರಕರ್ತರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ, ನಮ್ಮ ವಿಜ್ಞಾಪನೆ ಇಷ್ಟೆ. ಪತ್ರಿಕೆಯಲ್ಲಿ ಬಿರುಗಾಳಿ ಎಂದು ಕಂಡಾಗ, ಇದನ್ನು ಬೀಸಿದವರು ಯಾರು ಎಂದು ಕೇಳಿ. ವರುಣನ ಕೋಪ ಎಂದು ಕಂಡಾಗ, ಚರಂಡಿ ಯಾರ ಜವಾಬ್ದಾರಿ ಎಂದು ಕೇಳಿ. ಭಾರಿ ಮಳೆ ಎಂದು ಕಂಡಾಗ, ಎಲ್ಲಿ, ಎಷ್ಟು ಮಿಲಿಮೀಟರ್ ಎಂದು ಕೇಳಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು ದಿನವೂ ಬೆಳಗ್ಗೆ 8.30ಕ್ಕೆ ಮಕ್ಕಳಿಂದ ಅಳೆಸಿ ಕರಿಹಲಗೆಯ ಮೇಲೆ ಬರೆಸಿರಿ. ಹಾಗೆ ಅಳೆದು ಬೆಳೆದ ಮಕ್ಕಳು ನಾಳೆ ಯಾರ 'ಹವಾ'ಕ್ಕೂ ಸುಲಭವಾಗಿ ಹಾರಿಹೋಗಲಾರರು. ನೀವೇ ಬರೆಯುವವರಾದರೆ, ಬರವನ್ನು ಆಟದ ಪುಟದಿಂದ ಬಿಡಿಸಿ ಅದರ ಹೊಲಕ್ಕೆ ಮರಳಿಸಿರಿ. ಮಳೆ ಬಂದ ದಿನ ಮಳೆಯೆಂದು ಬರೆಯಿರಿ, ಬಾರದ ದಿನ ಬರಲಿಲ್ಲವೆಂದು ಬರೆಯಿರಿ.

ಕಾಲಕಾಲಕ್ಕೆ ಮಳೆಯಾಗಲಿ, ಕೆರೆಗಳು ಕೋಡಿ ಬೀಳಲಿ. ಅದನ್ನು ಹೇಳುವ ಮಾತು ಹದವಾಗಿರಲಿ ಎಂದು ಹಾರೈಸುತ್ತೇವೆ.